ಬ್ರೂಬೇಕರನ ಒಂದು ‘ಹೌದು’

ಒಂಟಾರಿಯೊದ ವಾಟರ್ಲೂ ಊರಿನ ಆ ಸಣ್ಣ ಕಂಪನಿಯಲ್ಲಿ ಕ್ಲೀಸನ್ ಬ್ರೂಬೇಕರ್ ‘ಹೌದು’ ಎಂದರೆ ಮುಗಿಯಿತು, ಅದನ್ನು ಯಾರೂ ಇನ್ನೊಮ್ಮೆ ತಿರುಗಿ ನೋಡುತ್ತಿರಲಿಲ್ಲ. ‘ಇಲ್ಲ’ ಎಂದರೂ ಅಷ್ಟೇ. ತೊಂದರೆಯೇನೆಂದರೆ, ಈ ಎರಡರ ನಡುವೆ ನಾವೆಲ್ಲ ಧಾರಾಳವಾಗಿ ಬಳಸುವ ಮಾತುಗಳಿವೆಯಲ್ಲ, ‘ನೋಡೋಣ’, ‘ಹೆಚ್ಚುಕಮ್ಮಿ ಆದ ಹಾಗೇ’, ‘ಆಗಿಹೋಯ್ತು ಅಂದ್ಕೊಳ್ಳಿ’, ಇವು ಅವನ ಬಾಯಿಗೆ ಬರುತ್ತಿರಲಿಲ್ಲ. ಕೆಲಸ ಆಯಿತೇ ಎಂದು ಕೇಳಿದರೆ ಅವನು ನಿಜವಾಗಿಯೂ ಯೋಚನೆಗೆ ಬೀಳುತ್ತಿದ್ದ. ಕೇಳಿದವರು ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತೇ ಇರಬೇಕಾಗುತ್ತಿತ್ತು.

ಕಿವಿ ಮಂದವಾದವರು ಕಿವಿಯೊಳಗೆ ಸಿಕ್ಕಿಸಿಕೊಳ್ಳುವ ಯಂತ್ರಕ್ಕೆ ಆ ಕಂಪನಿ ಚಿಪ್ ತಯಾರಿಸುತ್ತಿತ್ತು. ಯಂತ್ರ ಬೆರಳ ತುದಿಯಷ್ಟು, ಅದರ ಬ್ಯಾಟರಿ ಕಾಳಿನಷ್ಟು. ಬೆಳಿಗ್ಗೆ ಹಾಕಿಕೊಂಡ ಅಜ್ಜಿಗೆ ರಾತ್ರಿಯ ಊಟದವರೆಗೂ ಮೊಮ್ಮಕ್ಕಳ ಮಾತು ಕೇಳಿಸಬೇಕು. ಆದ್ದರಿಂದ ಚಿಪ್ ಒಂದು ಗಳಿಗೆಯೂ ಸುಮ್ಮನೆ ಕಾಯುತ್ತ ಕೂರುವಂತಿಲ್ಲ. ಕಾದಷ್ಟೂ ಬ್ಯಾಟರಿ ಸೋರುತ್ತದೆ. ಮನುಷ್ಯರು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಚಿಕ್ಕ ಚಿಕ್ಕ ಆದೇಶಗಳಾಗಿ ಒಡೆದು ಕೊಡುವುದು ಕಂಪೈಲರಿನ ಕೆಲಸ. ಒಡೆದು ಮುಗಿದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ: ಯಾವ ಆದೇಶ ಮೊದಲು, ಯಾವುದು ಆಮೇಲೆ ಎಂದು ಸರದಿ ಹಚ್ಚುವುದು. ಕಾಫಿಗೆ ನೀರಿಟ್ಟು ಅದು ಕುದಿಯುವವರೆಗೂ ಒಲೆಯ ಮುಂದೆ ಕೈಕಟ್ಟಿ ನಿಲ್ಲುವವರಿದ್ದಾರೆ. ಅಷ್ಟರಲ್ಲಿ ಬ್ರೆಡ್ಡು ಕೊಯ್ದು ಬೆಣ್ಣೆ ಸವರಿಡುವವರೂ ಇದ್ದಾರೆ. ಸರದಿ ಹಚ್ಚುವ ಪ್ರೋಗ್ರಾಮು ಎರಡನೆಯವರ ಹಾಗೆ ನಡೆದುಕೊಳ್ಳಬೇಕಾದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರಾದರೂ ಅದಕ್ಕೆ ಮೊದಲೇ ಹೇಳಿಟ್ಟಿರಬೇಕು. ಹಾಗೆ ಹೇಳಿಡುವುದು ಕ್ಲೀಸನ್‌ನ ಕೆಲಸವಾಗಿತ್ತು.

ಚಿಪ್ಪಿಗೆ ಗೊತ್ತಿದ್ದ ಆದೇಶಗಳು ಮುನ್ನೂರಕ್ಕೂ ಹೆಚ್ಚು. ಅವನ್ನು ಅವನು ಗುಂಪು ಗುಂಪಾಗಿ ವಿಂಗಡಿಸಿದ್ದ. ಕೂಡುವವು ಒಂದು ಕಡೆ, ಗುಣಿಸುವವು ಒಂದು ಕಡೆ, ಮೆಮೊರಿಯಿಂದ ಸಂಖ್ಯೆ ತರುವವು, ಮೆಮೊರಿಗೆ ಮರಳಿಸುವವು, ಇರುವಲ್ಲಿಂದ ಇನ್ನೆಲ್ಲಿಗೋ ಹಾರುವವು. ಒಂದೊಂದು ಗುಂಪಿನ ಮುಂದೆಯೂ ಅದಕ್ಕೆ ಚಿಪ್ಪಿನ ಯಾವ ಭಾಗ ಬೇಕು, ಫಲ ಕೈಗೆ ಬರಲು ಚಿಪ್ಪಿನೊಳಗಿನ ಗಡಿಯಾರದ ಎಷ್ಟು ಬಡಿತ ಬೇಕು ಎಂದು ಬರೆದ ಕೋಷ್ಟಕ. ಬೇರೆ ಕಂಪನಿಗಳ ಕೋಷ್ಟಕದಲ್ಲಿ ಕಡೆಯದಾಗಿ ‘ಇತರೆ’ ಎಂಬ ಒಂದು ಗುಂಪು ಇದ್ದೇ ಇರುತ್ತದೆ; ಎಲ್ಲಿಗೂ ಸೇರದ್ದನ್ನು, ನೋಡಲು ಬೇಸರವಾದದ್ದನ್ನು ಅದರಲ್ಲಿ ತುರುಕಿ ಕೈ ತೊಳೆದುಕೊಳ್ಳುತ್ತಾರೆ. ಕ್ಲೀಸನ್ ಕೆಲಸ ವಹಿಸಿಕೊಂಡ ಮೊದಲ ಚಳಿಗಾಲದಲ್ಲೇ ತನ್ನ ಕೋಷ್ಟಕದ ಆ ಗುಂಪನ್ನು ಖಾಲಿ ಮಾಡಿ ಅಳಿಸಿಹಾಕಿದ. “‘ಇತರೆ’ ಅಂದ್ರೆ ನಾನು ನೋಡಿಲ್ಲ ಅಂತ ಅರ್ಥ,” ಎನ್ನುತ್ತಿದ್ದ. ಅವನು ಜಂಭ ಪಟ್ಟದ್ದನ್ನು ಕಂಡವರು ಕಡಿಮೆ. ಈ ವಿಷಯದಲ್ಲಿ ಮಾತ್ರ ಸ್ವಲ್ಪ ಪಡುತ್ತಿದ್ದ, ಆಮೇಲೆ ಅದಕ್ಕಾಗಿ ನಾಚಿಕೊಳ್ಳುತ್ತಿದ್ದ.

ಹುಟ್ಟಿದ್ದು ಹಾಕ್ಸ್‌ವಿಲ್ ಕಡೆಯ ಮೆನೊನೈಟರೆಂಬ ಹಳೆಯ ಕಟ್ಟುಪಾಡಿನ ಕ್ರೈಸ್ತರ ಮನೆಯಲ್ಲಿ. ಕಪ್ಪು ಟೋಪಿ, ಕುದುರೆ ಗಾಡಿ, ವಿದ್ಯುತ್ತಿಲ್ಲದ ಕೊಟ್ಟಿಗೆ. ತಂದೆ ಆಮ್ಸಿ ಬ್ರೂಬೇಕರ್ ಮಾರ್ಚ್ ತಿಂಗಳಲ್ಲಿ ಮೇಪಲ್ ಮರಗಳಿಂದ ರಸ ಇಳಿಸಿ, ಕಾಯಿಸಿ, ಪಾಕ ಮಾಡಿ ಮಾರುತ್ತಿದ್ದ. ಪಾಕವನ್ನು ಬಣ್ಣ ನೋಡಿ ವಿಂಗಡಿಸಬೇಕು. ತಿಳಿಯಾದದ್ದಕ್ಕೆ ಹೆಚ್ಚು ಬೆಲೆ, ಕಪ್ಪಿಗೆ ಕಡಿಮೆ. ಎರಡರ ನಡುವಿನ ಬಣ್ಣ ಬಂದರೆ ಮಕ್ಕಳು ಸೀಸೆಯನ್ನು ಬೆಳಕಿಗೆ ಹಿಡಿದು ಅಪ್ಪನನ್ನು ಕೇಳುತ್ತಿದ್ದರು. “ಅನುಮಾನ ಬಂತಾ? ಹಾಗಾದ್ರೆ ಕೆಳಗಿನ ಗುಂಪಿಗೆ ಹಾಕು,” ಎನ್ನುತ್ತಿದ್ದ ಆಮ್ಸಿ, ತಲೆಯೆತ್ತದೆ. ಒಮ್ಮೆ ಅವನ ಕಣ್ಣೆದುರಿಗೇ ಒಂದು ಲಾರಿ ಯಾರದೋ ಕುದುರೆ ಗಾಡಿಗೆ ಗುದ್ದಿ, ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿ ಬಂತು. ಧರ್ಮಗ್ರಂಥದ ಮೇಲೆ ಕೈಯಿಟ್ಟು ಆಣೆ ಮಾಡು ಎಂದರು. “ಆಣೆ ಇಡಲ್ಲ ಸ್ವಾಮಿ,” ಎಂದ ಆಮ್ಸಿ. “ಆಣೆ ಇಟ್ಟಾಗ ಮಾತ್ರ ನಿಜ ಹೇಳ್ತೀನಿ ಅಂತಾದ್ರೆ ಉಳಿದ ದಿನ ನಾನೇನು ಹೇಳ್ಕೊಂಡು ತಿರುಗ್ತಿದ್ದೆ ಅಂತ ಆಗುತ್ತೆ?” ಅವರ ಜನಕ್ಕೆ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ, ಆದ್ದರಿಂದ ಯಾರೂ ಬಲವಂತ ಮಾಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗ ಕ್ಲೀಸನ್‌ಗೆ ಆ ದಿನದ ಲಾರಿ ಮರೆತುಹೋಗಿದೆ, ಅಪ್ಪನ ಆ ಮಾತು ಮರೆತಿಲ್ಲ.

ಅವನಿಗೆ ಓದಬೇಕೆನಿಸಿತು. ಹಿರಿಯರ ಚರ್ಚಿನಲ್ಲಿ ದೀಕ್ಷೆ ಪಡೆಯುವ ಮೊದಲೇ ಮನೆಯಲ್ಲಿ ಹೇಳಿ, ಕಾರು ಓಡಿಸುವ, ಕಂಪ್ಯೂಟರ್ ಮುಟ್ಟುವ ಎಲ್ಮೈರಾದ ಇನ್ನೊಂದು ಮೆನೊನೈಟ್ ಚರ್ಚಿಗೆ ಸೇರಿಕೊಂಡ. ತಾಯಿ ಒಂದು ಭಾನುವಾರ ಅತ್ತಳು. ಮುಂದಿನ ಭಾನುವಾರ ಅವನಿಗೆಂದೇ ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸುವ ಪೈ ಮಾಡಿಟ್ಟಿದ್ದಳು. ಅಲ್ಲಿಗೆ ಮುಗಿಯಿತು. ಮನೆ ಬಿಟ್ಟ ಮಗನ ದೊಡ್ಡ ಸಂಕಟದ ಕಥೆ ಬೇಕಾದವರು ಬೇರೆ ಮನೆ ನೋಡಿಕೊಳ್ಳಬೇಕು. ಅವನು ನೆಲ್ಡಾಳನ್ನು ಮದುವೆಯಾದ, ಚರ್ಚಿನ ಹಾಡಿನಲ್ಲಿ ಎಲ್ಲರಿಗಿಂತ ಕೆಳಗಿನ ಸ್ವರ ಹಿಡಿದ, ಹಿತ್ತಲಿನಲ್ಲಿ ಬೀಟ್‌ರೂಟು ಬೆಳೆದ. ದಿನವೂ ಮಧ್ಯಾಹ್ನ ಒಣಗಿಸಿದ ಸಾಸೇಜಿನ ಸ್ಯಾಂಡ್‌ವಿಚ್ಚು, ಜೊತೆಗೆ ಉಪ್ಪಿನಕಾಯಿ ಹಾಕಿದ ಬೀಟ್‌ರೂಟು. ಅವನಷ್ಟು ನೆಮ್ಮದಿಯ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ, ಒಮ್ಮೊಮ್ಮೆ ನೋಡಿ ಹೊಟ್ಟೆ ಉರಿದದ್ದೂ ಇದೆ.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಕಂಪೈಲರಿನ ಹೊಸ ಆವೃತ್ತಿ ಹೊರಗೆ ಹೋಗುವ ಮೊದಲು ಎಲ್ಲರೂ ಒಂದು ಕೋಣೆಯಲ್ಲಿ ಸೇರಬೇಕು. ಮುಖ್ಯಸ್ಥೆ ಓಡಿಲ್ ಗೋತಿಯೇ, ಕ್ವಿಬೆಕ್ ಕಡೆಯ ಚುರುಕು ಹೆಂಗಸು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳುತ್ತಿದ್ದಳು: “ನಿನ್ನ ಭಾಗ ಸರಿ ಇದೆಯಾ?” ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೋ ಅದೇ ಕ್ರಮದಲ್ಲಿ ಪ್ರಶ್ನೆ ಬರುತ್ತಿತ್ತು. ಎಲ್ಲರೂ ಹೌದೆಂದರೆ ಆವೃತ್ತಿ ಹೊರಗೆ. ಒಬ್ಬರು ಇಲ್ಲವೆಂದರೂ ನಿಂತುಹೋಗುತ್ತದೆ. ಇದನ್ನು ಶುರುಮಾಡಿದವಳು ಕ್ಲೀಸನ್‌ಗಿಂತ ಮುಂಚೆ ಕೋಷ್ಟಕ ನೋಡಿಕೊಳ್ಳುತ್ತಿದ್ದ, ಅವನಿಗೆ ಕೆಲಸ ಕಲಿಸಿಕೊಟ್ಟ ಫಿಲೊಮಿನಾ ಪೈಕ್. ಅವಳು ನಿವೃತ್ತಳಾದ ಮೇಲೂ ಪದ್ಧತಿ ಉಳಿಯಿತು. ಆದರೆ ಪದ್ಧತಿ ಹಳೆಯದಾದರೆ ಆಗುವುದೇ ಇದಕ್ಕೂ ಆಗಿತ್ತು. ಕ್ಲೀಸನ್ ಪಕ್ಕದಲ್ಲಿ ಕೂರುವ ರಜ್ವಾನ್ ಮುಂತ್ಯಾನು ತನ್ನ ಹೆಸರು ಪೂರ್ತಿ ಮುಗಿಯುವ ಮೊದಲೇ “ಹೌದು ಹೌದು” ಎಂದು ಎದ್ದು ಡೋನಟ್ಟಿಗೆ ಕೈ ಹಾಕುತ್ತಿದ್ದ.

ಆ ವರ್ಷದ ಅಕ್ಟೋಬರಿನಲ್ಲಿ ಚಿಪ್ಪಿನ ಹೊಸ ಮಾದರಿ ಬಂತು. ಬದಲಾದದ್ದು ಸ್ವಲ್ಪ, ಉಳಿದದ್ದೆಲ್ಲ ಹಳೆಯದೇ. ಹಳೆಯ ಕೋಷ್ಟಕದಲ್ಲಿ ನಾಲ್ಕು ಸಾಲು ತಿದ್ದಿ ಕೈ ಬಿಡಬಹುದಿತ್ತು. ಬೇರೆ ಯಾರಾಗಿದ್ದರೂ ಅಷ್ಟೇ ಮಾಡುತ್ತಿದ್ದರು. ಕ್ಲೀಸನ್ ಖುಷಿಗೆಂದು ಎಲ್ಲವನ್ನೂ ಮೊದಲಿನಿಂದ ಅಳೆಯಲು ಕೂತ. ಒಂದು ಆದೇಶ ಕೊಟ್ಟು, ಅದರ ಫಲ ಬೇಕಾದ ಇನ್ನೊಂದು ಆದೇಶವನ್ನು ಬೆನ್ನಿಗೇ ಕೊಟ್ಟು, ಚಿಪ್ ಎಷ್ಟು ಬಡಿತ ತಡವರಿಸುತ್ತದೆ ಎಂದು ನೋಡುವುದು. ಮೆಮೊರಿಯಿಂದ ತರುವ ಗುಂಪಿಗೆ ಬಂದಾಗ ಅವನ ಕೈ ನಿಂತಿತು. ಕೋಷ್ಟಕದಲ್ಲಿ ಎರಡು ಬಡಿತ ಎಂದಿತ್ತು. ಅಳೆದರೆ ಮೂರು. ಮತ್ತೆ ಅಳೆದ, ಮೂರು. ಹಳೆಯ ಚಿಪ್ಪನ್ನು ಡ್ರಾಯರಿನಿಂದ ತೆಗೆದು ಅಳೆದ, ಅದರಲ್ಲೂ ಮೂರೇ. ಅದು ಫಿಲೊಮಿನಾ ಬರೆದಿಟ್ಟ ಸಾಲು, ಅವನು ಇಲ್ಲಿಯವರೆಗೆ ಮುಟ್ಟದೇ ಇದ್ದದ್ದು.

ಎರಡನ್ನು ಮೂರು ಮಾಡಿ, ಒಂದು ತಪ್ಪು ಸರಿಪಡಿಸಿದ ಸಮಾಧಾನದಲ್ಲಿ ಅವನು ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ರಾತ್ರಿ ತಾನಾಗಿ ನಡೆಯುವ ಪರೀಕ್ಷೆಯ ಫಲಿತಾಂಶದಲ್ಲಿ ಸಾಲುಗಟ್ಟಿ ಕೆಂಪು. ಕಿವಿಯ ಮುಖ್ಯ ಪ್ರೋಗ್ರಾಮೇ ನಿಧಾನವಾಗಿತ್ತು. ಈ ಲೆಕ್ಕದಲ್ಲಿ ಅಜ್ಜಿಯ ಬ್ಯಾಟರಿ ಮಧ್ಯಾಹ್ನದ ಚಹಾಕ್ಕೇ ಮುಗಿದುಹೋಗುತ್ತಿತ್ತು. ಮೂರನ್ನು ಮತ್ತೆ ಎರಡು ಮಾಡಿದ. ಎಲ್ಲವೂ ಮೊದಲಿನಂತೆ ಚುರುಕಾಯಿತು. ಸುಳ್ಳು ಹೇಳಿದರೆ ವೇಗ, ನಿಜ ಹೇಳಿದರೆ ನಿಧಾನ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ತಂದ ಸಂಖ್ಯೆಗಳನ್ನು ಇಟ್ಟುಕೊಳ್ಳಲು ಆ ಚಿಪ್ಪಿನಲ್ಲಿ ಇದ್ದದ್ದು ಎಂಟೇ ಗೂಡು, ರಿಜಿಸ್ಟರ್ ಎನ್ನುತ್ತಾರೆ. ತರಲು ಮೂರು ಬಡಿತ ಬೇಕೆಂದು ತಿಳಿದ ಕೂಡಲೇ ಸರದಿ ಹಚ್ಚುವ ಪ್ರೋಗ್ರಾಮು ಗಾಬರಿಯಾಗಿ ಎಲ್ಲವನ್ನೂ ಮುಂಚೆಯೇ ತಂದು ಸುರಿಯುತ್ತಿತ್ತು. ಗೂಡುಗಳು ತುಂಬಿ, ಹಿಡಿಸದ್ದನ್ನು ವಾಪಸು ಮೆಮೊರಿಗೆ ಒಯ್ದಿಟ್ಟು, ಮತ್ತೆ ತರಬೇಕು. ಗೂಡುಗಳನ್ನು ಹಂಚುವ ಭಾಗ ರಜ್ವಾನ್‌ನದು. ಅವನು ಬಂದು ಕ್ಲೀಸನ್‌ನ ಮೇಜಿನ ಅಂಚಿಗೆ ಕೂತ.

“ಗುರೂ, ಏನು ಮಾಡ್ದೆ ನೀನು? ನನ್ನ ಮನೆ ತುಂಬ ನಿನ್ನ ನೆಂಟರು. ಮಲಗೋಕೆ ಜಾಗ ಇಲ್ಲ.”

“ನಿಜ ಬರೆದೆ.”

“ಅದೇ ಮತ್ತೆ ಕೇಳ್ತಿರೋದು, ಯಾಕೆ ಬರೆದೆ? ಎರಡು ಅಂತ ಹಾಕು ಮಾರಾಯ. ಒಂದು ಅಂಕಿ. ನಿಮ್ಮ ಚರ್ಚಿನಲ್ಲಿ ಒಂದು ಅಂಕಿಗೆ ಎಷ್ಟು ದಿನ ನರಕ?”

“ನರಕದ ಮಾತಲ್ಲ ರಜ್ವಾನ್. ಆ ಸಾಲಿನಲ್ಲಿ ‘ಇದಕ್ಕೆ ಎರಡು ಬಡಿತ ಬೇಕು’ ಅಂತಿದೆ. ಬೇಕಾಗೋದು ಮೂರು.”

ಗಲಾಟೆ ಕೇಳಿ ಓಡಿಲ್ ಬಂದಳು. ವಿಷಯ ತಿಳಿದ ಮೇಲೆ ಅವಳಿಗೆ ಅದರಲ್ಲಿ ವಿಷಯವೇ ಕಾಣಿಸಲಿಲ್ಲ. “ಎರಡು ಅಂತ ಬರಿ. ಪಕ್ಕದಲ್ಲಿ ‘ಇದು ನಿಜವಲ್ಲ’ ಅಂತ ಟಿಪ್ಪಣಿ ಹಾಕು. ಎಲ್ಲರೂ ಹಾಗೇ ಮಾಡ್ತಾರೆ. ಈ ಕೆಲಸದಲ್ಲಿ ಸುಳ್ಳು ಹೇಳದ ಕೋಷ್ಟಕ ಎಲ್ಲಿದೆ ತೋರಿಸು.”

“ಟಿಪ್ಪಣಿ ಮನುಷ್ಯರು ಓದ್ತಾರೆ, ಕಂಪೈಲರ್ ಓದಲ್ಲ. ಅದಕ್ಕೆ ಹೇಳ್ತಿರೋದು ಸುಳ್ಳೇ.”

“ಕಂಪೈಲರಿಗೆ ಬೇಜಾರಾಗುತ್ತಾ ಕ್ಲೀಸನ್?”

“ನೀನು ಗುರುವಾರ ನನ್ನನ್ನ ಕೇಳ್ತೀಯಲ್ಲ, ಸರಿ ಇದೆಯಾ ಅಂತ. ಏನು ಹೇಳಲಿ?”

ಓಡಿಲ್ ಅವನನ್ನು ನೋಡಿದಳು. ಅವಳಿಗೆ ಕೋಪಕ್ಕಿಂತ ಬೇಸರವಾಗಿತ್ತು. ಯಂತ್ರ ಮಾಡುವವರು ಆವೃತ್ತಿಗಾಗಿ ತಿಂಗಳಿಂದ ಕಾಯುತ್ತಿದ್ದರು. “ನೋಡು, ನಿಧಾನವಾದದ್ದನ್ನ ನಾನು ಕಳಿಸೋಕಾಗಲ್ಲ. ಎರಡು ಅಂತ ಇದ್ರೆ ನಿನಗೆ ಹೌದು ಅನ್ನೋಕಾಗಲ್ಲ ಅಂದ್ರೆ, ಕೋಷ್ಟಕ ರಜ್ವಾನ್‌ಗೆ ಕೊಟ್ಬಿಡು. ಅವನು ಹೌದು ಅಂತಾನೆ. ನಿನಗೆ ಬೇರೆ ಏನಾದ್ರೂ ನೋಡೋಣ. ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ.”

ಸಿಟ್ಟಿಲ್ಲ ಎಂದದ್ದು ನಿಜವೇ, ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು. ಅವನ ಪಾಲಿಗೆ ಅದು ಬರೀ ಕೆಲಸವಾಗಿರಲಿಲ್ಲ. ಆ ಮುನ್ನೂರು ಆದೇಶಗಳ ಸ್ವಭಾವ ಅವನಿಗೆ ಗೊತ್ತಿತ್ತು, ಯಾವುದು ಸೋಮಾರಿ, ಯಾವುದು ಯಾರ ಜೊತೆ ಜಗಳವಾಡುತ್ತದೆ, ಯಾವ ಎರಡನ್ನು ಅಕ್ಕಪಕ್ಕ ಕೂರಿಸಬಾರದು ಎಂದೆಲ್ಲ. ರಜ್ವಾನ್ ಕೈಗೆ ಹೋದರೆ ಚಳಿಗಾಲ ಮುಗಿಯುವಷ್ಟರಲ್ಲಿ ‘ಇತರೆ’ ಮತ್ತೆ ಹುಟ್ಟಿಕೊಳ್ಳುತ್ತದೆ. ಒಂದು ‘ಹೌದು’ ಎಂದುಬಿಟ್ಟರೆ ಕೋಷ್ಟಕ ಉಳಿಯುತ್ತದೆ. ಆದರೆ ಅದಾದ ಮೇಲೆ ಅವನ ಹೌದು ಕೂಡ ಎಲ್ಲರ ಹೌದಿನ ಹಾಗೆಯೇ.

ಶನಿವಾರ ಅವನು ಕಾರು ಹತ್ತಿ ಫರ್ಗಸ್ ಊರಿಗೆ ಹೋದ. ಫಿಲೊಮಿನಾ ಅಲ್ಲಿನ ಕರ್ಲಿಂಗ್ ಕ್ಲಬ್ಬಿನಲ್ಲಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಅದರ ಮುಂದೆ ಪೊರಕೆ ಉಜ್ಜಿಕೊಂಡು ಓಡುವ ಆಟದಲ್ಲಿ ಇದ್ದಳು. ಅವಳು ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ಹಳ್ಳಿಯವಳು. ಅವಳ ಮಾತಿಗೆ ಒಂಟಾರಿಯೊದವರು ನಗುತ್ತಿದ್ದರು, ಧಾರವಾಡದವರ ಮಾತಿಗೆ ಮೈಸೂರಿನವರು ನಗುವ ಹಾಗೆ. ಅವಳೂ ತನ್ನ ಮಾತು ಬಿಡದೆ ಅವರ ಮಾತಿಗೆ ಅಷ್ಟೇ ನಗುತ್ತಿದ್ದಳು.

“ಬಾ ತಮ್ಮಾ, ಬಾ. ಮಾರಿ ಯಾಕ ಹಂಗ ಮಾಡ್ಕೊಂಡೀ? ಯಾರರ ಸತ್ತಾರೇನು?”

“ಯಾರೂ ಸತ್ತಿಲ್ಲ. ಮೆಮೊರಿಯಿಂದ ತರೋ ಗುಂಪಿಗೆ ಎರಡು ಅಂತ ಬರೆದದ್ದು ನೀವೇನಾ?”

“ನಾನ ಬರದದ್ದು.”

“ಅಳೆದ್ರೆ ಮೂರು ಬರುತ್ತೆ.”

“ನನಗೂ ಮೂರ ಬಂದಿತ್ತು. ಎರಡು ಅಂತ ಬರದು ಓಡಿಸಿದೆ. ಗಾಳಿ ಹಂಗ ಓಡ್ತು. ಮತ್ತ್ಯಾಕ ಮುಟ್ಟಲಿ?”

ಕ್ಲೀಸನ್ ಕುರ್ಚಿ ಎಳೆದು ಕೂತ. “ಅಂದ್ರೆ ಗೊತ್ತಿದ್ದೂ ಗೊತ್ತಿದ್ದೂ...”

“ಸುಳ್ಳು ಬರದೆ, ಹೌದು. ಎಂಥಾ ಚಂದ ಸುಳ್ಳು ನೋಡು! ನಮ್ಮಣ್ಣ ಎಲ್ಲಾದಕ್ಕೂ ತಡಾ ಬರಾಂವ. ಏಳಕ್ಕ ಊಟ ಇದ್ರ ಅವಗ ಆರಕ್ಕ ಅಂತ ಹೇಳತಿದ್ದೆ. ಎಲ್ಲಾರೂ ಕೂಡೇ ಬಿಸಿ ಬಿಸಿ ಉಣ್ಣತಿದ್ವಿ. ಅದರಾಗ ಪಾಪ ಏನೈತಿ?”

“ನಮ್ಮ ಮನೇಲಿ ಏಳಕ್ಕೆ ಅಂದ್ರೆ ಏಳಕ್ಕೆ ಬರ್ತಾರೆ.”

“ಅದಕ್ಕ ನಿಮ್ಮ ಮನಿಯಾಗ ಯಾರೂ ನಗೂದಿಲ್ಲ.”

“ನಗ್ತಾರೆ. ಊಟ ಆದ ಮೇಲೆ.”

ಫಿಲೊಮಿನಾ ಪೊರಕೆ ಊರಿಕೊಂಡು ಎಷ್ಟು ನಕ್ಕಳೆಂದರೆ ಆಟಗಾರರೆಲ್ಲ ತಿರುಗಿ ನೋಡಿದರು. ಆಮೇಲೆ ಅವನ ಭುಜದ ಮೇಲೆ ಕೈಯಿಟ್ಟು, “ಒಂದು ಹೇಳತೀನಿ ಕೇಳು. ಆ ಎರಡು ಅನ್ನೋದು ಯಾಕ ಕೆಲಸ ಮಾಡತೈತಿ ಅಂತ ನನಗೂ ಪೂರ್ತಿ ತಿಳೀಲಿಲ್ಲ. ಗೂಡು ತುಂಬತಾವು ಅಂದ್ರೂ ಲೆಕ್ಕ ಪೂರಾ ಹೊಂದೂದಿಲ್ಲ. ಮೂರು ಬೇಕಿರೋ ಕಡೆ ಎರಡ ಬಿಟ್ರ ಚಿಪ್ಪು ಎಲ್ಲೆರ ಒಂದು ಕಡೆ ನಿಂತು ಕಾಯಬೇಕಲ್ಲ? ಎಲ್ಲೂ ಕಾಯಲಿಲ್ಲ ಅದು. ನನಗ ಪುರಸೊತ್ತು ಇರಲಿಲ್ಲ, ಬಿಟ್ಟೆ,” ಎಂದಳು.

ಭಾನುವಾರ ಚರ್ಚಿನಿಂದ ಬಂದ ಮೇಲೂ ಕ್ಲೀಸನ್ ಊಟದ ಮೇಜಿನ ಮುಂದೆ ಅದನ್ನೇ ಯೋಚಿಸುತ್ತ ಕೂತಿದ್ದ. ನೆಲ್ಡಾ ಒಲೆಯಿಂದ ಒಣ ಸೇಬಿನ ಎರಡು ಪೈ ತೆಗೆದಳು. ಅಷ್ಟರಲ್ಲಿ ಪಕ್ಕದ ಮನೆಯ ಮುದುಕ ಬಂದ. ಸಂಜೆಯ ಚರ್ಚಿನ ಊಟಕ್ಕೆ ಅವಳು ಒಂದು ಪೈ ಕೊಡುತ್ತೇನೆಂದಿದ್ದಳು. ಆಗಷ್ಟೇ ತೆಗೆದ ಪೈಯನ್ನು ತಟ್ಟೆಯ ಸಮೇತ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಕ್ಲೀಸನ್ ಇನ್ನೊಂದಕ್ಕೆ ಚಾಕು ಹಿಡಿದು ಹೋದ.

“ಮುಟ್ಟಬೇಡ! ಅರ್ಧ ಗಂಟೆ ಆರಬೇಕು.”

“ಅವರಿಗೆ ಈಗಲೇ ಕೊಟ್ಯಲ್ಲ?”

“ಅವರು ಹೊತ್ಕೊಂಡು ಹೋಗ್ತಾರೆ, ನೀನು ಕುಯ್ತೀಯ. ಬಿಸಿ ಇರುವಾಗ ಕುಯ್ದ್ರೆ ಒಳಗಿನದೆಲ್ಲ ಹರಿದುಹೋಗುತ್ತೆ. ಇಷ್ಟು ವರ್ಷ ಆಯ್ತು, ಇನ್ನೂ ಹೇಳ್ಕೊಡಬೇಕಾ?”

ಆ ಗಳಿಗೆಯಲ್ಲೇ ಅವನಿಗೆ ಹೊಳೆಯಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಆ ಗಳಿಗೆಯಲ್ಲಿ ಅವನಿಗಾದದ್ದು ಹಸಿವು, ಮತ್ತೆ ಸ್ವಲ್ಪ ಮುನಿಸು. ಹೊಳೆದದ್ದು ಮಂಗಳವಾರ, ಬೀಟ್‌ರೂಟು ತಿನ್ನುವಾಗ. ಎಲ್ಲೂ ಕಾಯಲಿಲ್ಲ ಎಂದಳಲ್ಲ ಫಿಲೊಮಿನಾ. ತರುವವನು ಒಬ್ಬನೇ, ಸರಿ. ಆದರೆ ತಂದದ್ದನ್ನು ಈಸಿಕೊಳ್ಳುವವರು? ತಾನು ಅಳೆದಾಗಲೆಲ್ಲ ತರುವ ಆದೇಶದ ಬೆನ್ನಿಗೆ ಇಟ್ಟಿದ್ದು ಕೂಡುವ ಆದೇಶವನ್ನು. ಫಿಲೊಮಿನಾ ಕಲಿಸಿದ್ದೂ ಹಾಗೆಯೇ, ಆ ಕಸುಬಿನವರೆಲ್ಲ ಅಳೆಯುವುದೂ ಹಾಗೆಯೇ. ಗುಣಿಸುವ ಆದೇಶದ ಎದುರಿಗೆ ಇಟ್ಟು ಯಾರೂ ನೋಡಿರಲಿಲ್ಲ.

ಸ್ಯಾಂಡ್‌ವಿಚ್ಚು ಅಲ್ಲೇ ಬಿಟ್ಟು ಹೋಗಿ ನೋಡಿದ. ತಂದದ್ದನ್ನು ಕೂಡುವವನು ಮೂರು ಬಡಿತ ಕಾಯುತ್ತಿದ್ದ. ಗುಣಿಸುವವನು ಎರಡೇ. ಚಿಪ್ ಕಟ್ಟಿದವರು ಮೆಮೊರಿಯಿಂದ ನೇರವಾಗಿ ಗುಣಿಸುವ ಭಾಗಕ್ಕೆ ಒಂದು ಒಳದಾರಿ ಬಿಟ್ಟಿದ್ದರು, ಕೈಪಿಡಿಯಲ್ಲಿ ಬರೆಯುವುದನ್ನು ಮರೆತಿದ್ದರು. ಕಿವಿಯ ಪ್ರೋಗ್ರಾಮೆಂದರೆ ಬೆಳಗಿನಿಂದ ರಾತ್ರಿಯವರೆಗೆ ಗುಣಾಕಾರವೇ; ಶಬ್ದ ತರು, ಗುಣಿಸು, ಶಬ್ದ ತರು, ಗುಣಿಸು. ಎರಡು ಎಂದಿದ್ದಾಗ ಅದು ಎಲ್ಲೂ ಎಡವದೆ ಓಡಿದ್ದು ಅದಕ್ಕೇ. ಎರಡೂ ನಿಜ, ಮೂರೂ ನಿಜ. ಎಷ್ಟು ಹೊತ್ತು ಹಿಡಿಯುತ್ತದೆ ಎಂದಷ್ಟೇ ಕೇಳಿದ್ದ ಕೋಷ್ಟಕ, ಯಾರು ಕಾಯುತ್ತಿದ್ದಾರೆ ಎಂದು ಕೇಳಿರಲೇ ಇಲ್ಲ. ಗುಂಪು ಮಾಡಿದ್ದೇ ಒರಟಾಗಿತ್ತು.

ಗುಂಪನ್ನು ಒಡೆದ. ಈಸಿಕೊಳ್ಳುವವರನ್ನೂ ವಿಂಗಡಿಸಿದ, ಗುಣಿಸುವವರಿಗೆ ಎರಡು, ಉಳಿದವರಿಗೆ ಮೂರು. ಬುಧವಾರ ಬೆಳಿಗ್ಗೆ ಪರೀಕ್ಷೆಯಲ್ಲಿ ಒಂದೂ ಕೆಂಪು ಇರಲಿಲ್ಲ. ಓಡಿಲ್ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಮೊದಲಿಗಿಂತ ವೇಗ ಆಯ್ತಾ?”

“ಇಲ್ಲ.”

“ನಿಧಾನ ಆಯ್ತಾ?”

“ಇಲ್ಲ. ಹಾಗೇ ಇದೆ.”

“ಮತ್ತೆ ಇಷ್ಟೆಲ್ಲ ಮಾಡಿ ಆಗಿದ್ದೇನು?”

“ಈಗ ಅದು ನಿಜ,” ಎಂದ ಕ್ಲೀಸನ್. ಅವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ಓಡಿಲ್ ತಲೆ ಅಲ್ಲಾಡಿಸಿ ತನ್ನ ಮೇಜಿಗೆ ಮರಳಿದಳು.

ಅವನು ಮೊದಲು ಫೋನ್ ಮಾಡಿದ್ದು ಫಿಲೊಮಿನಾಗೆ. ಒಳದಾರಿಯ ಕಥೆ ಹೇಳಿ, “ನೀವು ಬರೆದದ್ದು ಸುಳ್ಳಾಗಿರಲಿಲ್ಲ. ಅರ್ಧ ನಿಜವಾಗಿತ್ತು, ದೊಡ್ಡ ಅರ್ಧ,” ಎಂದ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದ.

“ಥೂ ನಿನ್ನ!” ಎಂದಳು ಅವಳು. “ನನ್ನ ಜಲ್ಮದಾಗ ಹೇಳಿದ್ದ ಒಂದು ಚಂದ ಸುಳ್ಳು ಅದು. ಅದನ್ನೂ ಖರೇ ಮಾಡಿ ಕುಂತಿ ನೋಡು!”

ಗುರುವಾರ ಎಲ್ಲರೂ ಸೇರಿದರು. ಹೊರಗೆ ವರ್ಷದ ಮೊದಲ ಹಿಮ ಉದುರುತ್ತಿತ್ತು, ಮೇಜಿನ ಮೇಲೆ ಡೋನಟ್ಟಿನ ಡಬ್ಬಿ ಇತ್ತು. ಓಡಿಲ್ ಒಂದು ಕಡೆಯಿಂದ ಕೇಳುತ್ತ ಬಂದಳು. ಹೌದು. ಹೌದು. ಹೌದು.

“ಕ್ಲೀಸನ್, ನಿನ್ನ ಭಾಗ ಸರಿ ಇದೆಯಾ?”

ಅವನು ಎಂದಿನಂತೆ ಯೋಚಿಸಿದ. ರಜ್ವಾನ್ ಕಣ್ಣು ಮೇಲೆತ್ತಿ ಸೂರು ನೋಡಿದ.

“ಮೊದಲು ಒಂದು ಮಾತು,” ಎಂದ ಕ್ಲೀಸನ್. “ಹೋದ ಸಲ, ಅದಕ್ಕೆ ಹಿಂದಿನ ಸಲಗಳು, ಎಲ್ಲ ಸಲವೂ ನಾನು ಹೌದು ಅಂದಿದ್ದೀನಿ. ಆಗ ಈ ಒಂದು ಗುಂಪನ್ನ ನಾನು ಅಳೆದೇ ಇರಲಿಲ್ಲ. ಫಿಲೊಮಿನಾ ಬರೆದದ್ದು, ಸರಿಯೇ ಇರುತ್ತೆ ಅಂತ ಅಂದಿದ್ದೆ. ಅದನ್ನ ನನ್ನ ಹೌದು ಅಂತ ಇಟ್ಕೋಬೇಡಿ. ಈಗ ಎಲ್ಲವನ್ನೂ ನೋಡಿದ್ದೀನಿ. ಇವತ್ತಿನದು ಹೌದು.”

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಓಡಿಲ್ ಗುರುತು ಹಾಕಿಕೊಂಡು ಮುಂದಿನ ಹೆಸರಿಗೆ ಹೋದಳು. ಸರದಿ ಹಚ್ಚಿದ ಮೇಲೆ ಬರುವುದು ಗೂಡುಗಳನ್ನು ಹಂಚುವ ಕೆಲಸ.

“ರಜ್ವಾನ್ ಮುಂತ್ಯಾನು, ನಿನ್ನ ಭಾಗ ಸರಿ ಇದೆಯಾ?”

ರಜ್ವಾನ್‌ನ ಕೈ ಆಗಲೇ ಡಬ್ಬಿಯ ಮೇಲಿತ್ತು. ಬಾಯಿ ತೆರೆದ. ಆ ಹೌದು ಹೊರಬರಲಿಲ್ಲ. ಬಾಯಿ ಮುಚ್ಚಿಕೊಂಡು, ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಓಡಿಲ್ ಕಾಯುತ್ತ ನಿಂತಳು. ಕೋಣೆಯಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ನನಗೆ ಸೋಮವಾರದವರೆಗೆ ಸಮಯ ಬೇಕು ಓಡಿಲ್,” ಎಂದ ಅವನು. ಅವನ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ಅಲ್ಲಿ ಯಾರೂ ಹಿಂದೆ ಕೇಳಿರಲಿಲ್ಲ. “ಒಂದು ಕಡೆ ನಾನು... ಸರಿಯಾಗಿ ನೋಡಿಲ್ಲ.”

ಓಡಿಲ್ ಪೆನ್ನು ಮೇಜಿನ ಮೇಲಿಟ್ಟು ಕ್ಲೀಸನ್ ಕಡೆ ದುರುಗುಟ್ಟಿ ನೋಡಿದಳು, ಎಲ್ಲದಕ್ಕೂ ನೀನೇ ಕಾರಣ ಎನ್ನುವಂತೆ. ಆಮೇಲೆ ಉಸಿರು ಬಿಟ್ಟು, “ಸೋಮವಾರ. ಯಂತ್ರದವರಿಗೆ ನಾನು ಹೇಳ್ತೀನಿ. ಏಳಿ ಎಲ್ಲರೂ,” ಎಂದಳು. ಉಳಿದವರು ಎದ್ದು ಹೊರಟರು. ಕ್ಲೀಸನ್ ತನ್ನ ಕುರ್ಚಿಯನ್ನು ರಜ್ವಾನ್‌ನ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, “ಎಲ್ಲಿ, ತೋರಿಸು,” ಎಂದ.